ಓದುಗರ ಪ್ರಶ್ನೆ: ಪಿನಿಯೋಸ್ ಹೊಳೆಸಾಲಿನ ಊರುಗಳು

ಗ್ರೀಸ್ ದೇಶದ ಥೆಸಲಿ ಎಂಬ ಬಯಲುಸೀಮೆಯಲ್ಲಿ 2023ರ ಸೆಪ್ಟೆಂಬರ್ ಪ್ರವಾಹ ಇಳಿದ ಬಳಿಕ ಮೆಟಮಾರ್ಫೋಸಿ ಎಂಬ ಹಳ್ಳಿಯ ಜನರು ತಮ್ಮ ಊರನ್ನೇ ಬೇರೆಡೆಗೆ ಒಯ್ಯಬೇಕೆಂದು ಮತ ಹಾಕಿದ ಸಂಗತಿಯನ್ನು ಹಿಂದಿನ ಸಂಚಿಕೆಯಲ್ಲಿ ನಾಲ್ಕೇ ಸಾಲಿನಲ್ಲಿ ಬರೆದಿದ್ದೆವು. ಆ ನಾಲ್ಕು ಸಾಲಿಗೆ ಬಂದಷ್ಟು ಪತ್ರಗಳು ಈಚೆಗೆ ಯಾವ ದೊಡ್ಡ ಲೇಖನಕ್ಕೂ ಬಂದಿರಲಿಲ್ಲ. ಹೆಚ್ಚಿನವು ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ದಂಡೆಯಿಂದ ಬಂದವು. ಮುಳುಗಡೆ ಎಂಬ ಶಬ್ದದ ಅರ್ಥಕ್ಕಾಗಿ ನಿಘಂಟು ತೆರೆಯಬೇಕಾಗಿಲ್ಲದ ಸೀಮೆ ನಮ್ಮದಾದ್ದರಿಂದ ಇದರಲ್ಲಿ ಅಚ್ಚರಿಯೇನೂ ಇಲ್ಲ. ಆದಕಾರಣ ಈ ಸಲದ ಅಂಕಣವನ್ನು ಆ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ.

ಬೀಳಗಿ ತಾಲ್ಲೂಕಿನ ಪುನರ್ವಸತಿ ಕೇಂದ್ರವೊಂದರಿಂದ: “ಆ ಊರು ಇರುವುದೆಲ್ಲಿ? ಅಲ್ಲಿಯೂ ನಮ್ಮಂತೆ ಅಣೆಕಟ್ಟಿನ ಹಿನ್ನೀರು ಬಂದಿತೋ, ಅಥವಾ ಹೊಳೆಯೇ ಬಂದಿತೋ?”

ಹೊಳೆಯೇ ಬಂದಿತು. ಆದರೆ ಅದು ಬಂದ ರೀತಿ ನಮ್ಮ ಹೊಳೆ ಬರುವ ರೀತಿಯದಲ್ಲ. ಅದನ್ನು ತಿಳಿಯಲು ಮೊದಲು ಆ ಸೀಮೆಯ ನೆಲ ಹೇಗಿದೆ ಎಂಬುದನ್ನು ಕಣ್ಣ ಮುಂದೆ ತಂದುಕೊಳ್ಳಬೇಕು.

ಥೆಸಲಿಯನ್ನು ಹಿಟ್ಟು ನಾದುವ ಪರಾತವೆಂದು ಭಾವಿಸಿ: ತಳ ಸಮತಟ್ಟು, ಸುತ್ತಲೂ ಎತ್ತರದ ಅಂಚು. ಪಶ್ಚಿಮಕ್ಕೆ ಪಿಂಡಸ್ ಪರ್ವತಸಾಲು, ಉತ್ತರಕ್ಕೆ ಸುಮಾರು 2,900 ಮೀಟರ್ ಎತ್ತರದ ಒಲಿಂಪಸ್, ಪೂರ್ವಕ್ಕೆ ಸಮುದ್ರವನ್ನು ಮರೆಮಾಡಿ ನಿಂತ ಓಸಾ ಮತ್ತು ಪೀಲಿಯೋನ್, ದಕ್ಷಿಣಕ್ಕೆ ಓಥ್ರಿಸ್. ಈ ಪರಾತದ ಅಂಚಿನಲ್ಲಿ ನೀರು ಹೊರಹೋಗಲು ಇರುವುದು ಒಂದೇ ಬಿರುಕು. ಒಲಿಂಪಸ್ ಮತ್ತು ಓಸಾಗಳ ನಡುವಿನ ಟೆಂಪಿ ಕಣಿವೆ. ಮೆಟ್ಸೊವೊ ಊರಿನ ಸಮೀಪ ಪಿಂಡಸ್‌ನಲ್ಲಿ ಹುಟ್ಟುವ ಪಿನಿಯೋಸ್ ನದಿಯು ಬಯಲಿನ ಉಪನದಿಗಳನ್ನೆಲ್ಲ ಕೂಡಿಸಿಕೊಂಡು ಲಾರಿಸಾ ನಗರವನ್ನು ಹಾದು ಆ ಬಿರುಕಿನ ಮೂಲಕವೇ ಏಜಿಯನ್ ಸಮುದ್ರವನ್ನು ಸೇರುತ್ತದೆ. ಉದ್ದದಲ್ಲಿ ಅದು ನಮ್ಮ ಘಟಪ್ರಭೆಗಿಂತಲೂ ಚಿಕ್ಕದು.

ಪರಾತದ ನಡುವೆಯೂ ಒಂದು ತಡೆಯಿದೆ. ತಗ್ಗಾದ ಗುಡ್ಡಗಳ ಸಾಲೊಂದು ಬಯಲನ್ನು ಎರಡು ಹೋಳು ಮಾಡುತ್ತದೆ: ಪಶ್ಚಿಮದ್ದು ತ್ರಿಕಾಲ ಮತ್ತು ಕಾರ್ದಿತ್ಸಾ ಪಟ್ಟಣಗಳ ಬಯಲು, ಪೂರ್ವದ್ದು ಲಾರಿಸಾದ ಬಯಲು. ಪಶ್ಚಿಮದ ಹೋಳಿನಲ್ಲಿ ಬಿದ್ದ ಮಳೆಯೆಲ್ಲ ಪೂರ್ವಕ್ಕೆ ದಾಟಬೇಕಾದರೆ ಕಲಾಮಾಕಿ ಎಂಬ ಇಕ್ಕಟ್ಟಿನ ಕಣಿವೆಯನ್ನು ನುಗ್ಗಬೇಕು. ಎನಿಪೆಯಸ್ ಮೊದಲಾದ ಉಪನದಿಗಳು ಈ ಇಕ್ಕಟ್ಟಿಗಿಂತ ಮೊದಲೇ, ಅಂಗೈಯಷ್ಟು ಸಮತಟ್ಟಾದ ನೆಲದಲ್ಲಿ ಒಂದೆಡೆ ಬಂದು ಸೇರುತ್ತವೆ. ಮೆಟಮಾರ್ಫೋಸಿ, ವ್ಲೋಖೋಸ್, ಕೋಸ್ಕಿನಾ ಮತ್ತು ಇವುಗಳಿಗೆ ಸಂತೆಯೂರಿನಂತಿರುವ ಪಲಮಾಸ್ ಇರುವುದು ಈ ತಗ್ಗಿನಲ್ಲಿ. ಆಲಿಕೆಯ ಕೊಳವೆ ಸಣ್ಣದಾದರೆ ನೀರು ಬಾಯಿಯಲ್ಲಿ ನಿಲ್ಲುತ್ತದಲ್ಲವೇ? ಇವು ಆಲಿಕೆಯ ಬಾಯಿಯಲ್ಲಿರುವ ಊರುಗಳು.

ಇನ್ನು ನೀರು ಬಂದ ರೀತಿ. ಆಗಸ್ಟಿನಲ್ಲಿ ಜಮಖಂಡಿಯ ಹೊಳೆಸಾಲಿಗೆ ಕೃಷ್ಣೆ ಏರಿ ಬಂದಾಗ ನಮ್ಮ ತಲೆಯ ಮೇಲೆ ಮಳೆಯ ಹನಿಯೂ ಇರದಿರಬಹುದು. ಮಳೆ ಬಿದ್ದದ್ದು ಮಹಾಬಳೇಶ್ವರದಲ್ಲಿ, ಕೊಯ್ನಾದಲ್ಲಿ. ನೀರು ನಮ್ಮನ್ನು ಮುಟ್ಟುವಷ್ಟರಲ್ಲಿ ಸುದ್ದಿ ಮುಟ್ಟಿರುತ್ತದೆ, ಡಂಗುರ ಸಾರಿಯಾಗಿರುತ್ತದೆ. ಥೆಸಲಿಯಲ್ಲಿ ಋತುಗಳೇ ತಿರುವುಮುರುವು. ಮಳೆಗಾಲವೆಂದರೆ ಅಲ್ಲಿ ಚಳಿಗಾಲ, ಬೇಸಿಗೆ ಪೂರ್ತಿ ಒಣ ಕಾಲ. ನಮ್ಮ ಹೊಳೆಗಳು ತುಂಬಿ ಹರಿಯುವ ಆಗಸ್ಟಿನಲ್ಲಿ ಪಿನಿಯೋಸ್ ಸೊರಗಿರುತ್ತದೆ. 2023ರ ಸೆಪ್ಟೆಂಬರ್ 4ರಂದು ಆರಂಭವಾಗಿ ಮೂರು ನಾಲ್ಕು ದಿನ ನಿಂತ ಡೇನಿಯಲ್ ಎಂಬ ಚಂಡಮಾರುತವು ಆ ಒಣ ಕಾಲದ ತುದಿಯಲ್ಲಿ, ಹತ್ತಿ ಬಿಡಿಸುವುದಕ್ಕೆ ಮುನ್ನ ಬಂದಿತು. ಬಯಲಿನ ಪೂರ್ವದ ಗೋಡೆಯಾದ ಪೀಲಿಯೋನ್ ಬೆಟ್ಟದ ಜಗೋರಾ ಎಂಬಲ್ಲಿ ಒಂದೇ ದಿನದಲ್ಲಿ 750 ಮಿಲಿಮೀಟರಿಗೂ ಹೆಚ್ಚು ಮಳೆ ಅಳೆಯಲಾಯಿತು. ವಿಜಯಪುರ ಜಿಲ್ಲೆಯಲ್ಲಿ ಇಡೀ ವರ್ಷಕ್ಕೆ ಬೀಳುವ ಸರಾಸರಿ ಮಳೆ ಅಷ್ಟಿಲ್ಲ. ಬೆಟ್ಟಗಳ ಮೇಲೂ ಬಯಲಿನ ಮೇಲೂ ಒಟ್ಟಿಗೆ ಸುರಿದ ನೀರಿಗೆ ಹೋಗಲು ದಾರಿಯಿರಲಿಲ್ಲ. ಒಡ್ಡುಗಳು ಒಡೆದವು, ಮನೆಗಳ ಮಾಡಿನವರೆಗೆ ನೀರು ನಿಂತಿತು, ಗ್ರೀಸ್‌ನಲ್ಲಿ 17 ಜನರು ಸತ್ತರು, ಸಾವಿರಾರು ಕುರಿ ದನಗಳು ಕೊಟ್ಟಿಗೆಗಳಲ್ಲಿಯೇ ಮುಳುಗಿದವು. ಇದೇ ಚಂಡಮಾರುತ ಸಮುದ್ರ ದಾಟಿ ಹೋಗಿ ಲಿಬಿಯಾದ ಡೆರ್ನಾ ನಗರದ ಅಣೆಕಟ್ಟುಗಳನ್ನು ಒಡೆದದ್ದು ತಮಗೆ ನೆನಪಿರಬಹುದು.

ಅಣೆಕಟ್ಟಿನ ಮಾತೆತ್ತಿದ್ದೀರಾದ್ದರಿಂದ ಒಂದು ಹಳೆಯ ಪ್ರಸಂಗವನ್ನು ಹೇಳಬೇಕು. ಥೆಸಲಿ ಒಂದು ಕಾಲದಲ್ಲಿ ಇಡಿಯಾಗಿ ಸರೋವರವಾಗಿತ್ತೆಂಬ ಐತಿಹ್ಯವನ್ನು ಇತಿಹಾಸಕಾರ ಹೆರೊಡೊಟಸ್ ಬರೆದಿಟ್ಟಿದ್ದಾನೆ. ಕ್ರಿಸ್ತಪೂರ್ವ 480ರಲ್ಲಿ ಗ್ರೀಸ್ ಮೇಲೆ ದಂಡೆತ್ತಿ ಬಂದ ಪರ್ಷಿಯಾದ ದೊರೆ ಜರ್ಕ್ಸೀಸ್ ಟೆಂಪಿ ಕಣಿವೆಯ ನದೀಮುಖವನ್ನು ನೋಡಲು ಹೋಗಿ, ಈ ನದಿಗೆ ಸಮುದ್ರ ಸೇರಲು ಬೇರೆ ದಾರಿಯುಂಟೇ ಎಂದು ಕೇಳಿದನಂತೆ. ಇಲ್ಲವೆಂದು ತಿಳಿದಾಗ, ಥೆಸಲಿಯವರು ಮೊದಲೇ ಶರಣಾದದ್ದು ಜಾಣತನವಾಯಿತು, ಇಲ್ಲದಿದ್ದರೆ ಈ ಬಾಯಿಯನ್ನು ಕಟ್ಟಿ ಸೀಮೆಯನ್ನೆಲ್ಲ ಮುಳುಗಿಸುವುದು ಸುಲಭವಿತ್ತು ಎಂದನಂತೆ. ಹಿನ್ನೀರಿನ ಲೆಕ್ಕ ಹಾಕಿದ ದೊರೆಗಳಲ್ಲಿ ಇವನೇ ಮೊದಲಿಗನಿರಬಹುದೇನೋ.

ಅಥಣಿಯ ಕಾಲೇಜು ವಿದ್ಯಾರ್ಥಿನಿಯೊಬ್ಬರಿಂದ: “ಇಂಥ ಊರುಗಳಲ್ಲಿ ಇರುವವರು ಯಾರು? ಗ್ರೀಸ್‌ನಲ್ಲಿ ಇರುವವರೆಲ್ಲ ಗ್ರೀಕರೇ ಅಲ್ಲವೇ? ನಮ್ಮಲ್ಲಿಯಂತೆ ಓಣಿಗೊಂದು ಸಮುದಾಯವೆಂಬುದು ಅಲ್ಲಿಯೂ ಇದೆಯೇ?”

ನಮ್ಮ ಅರ್ಥದ ಜಾತಿ ಅಲ್ಲಿಲ್ಲ. ಹೆಚ್ಚುಕಡಿಮೆ ಎಲ್ಲರೂ ಗ್ರೀಕ್ ಸಂಪ್ರದಾಯಸ್ಥ ಕ್ರೈಸ್ತ ಮತದವರು, ಎಲ್ಲರೂ ಗ್ರೀಕ್ ಭಾಷೆ ಆಡುತ್ತಾರೆ. ಆದರೂ “ನೀವು ಯಾರ ಪೈಕಿ?” ಎಂಬ ಪ್ರಶ್ನೆಗೆ ಥೆಸಲಿಯ ಹಿರಿಯರ ಬಳಿ ಥಟ್ಟನೆ ಉತ್ತರವಿರುತ್ತದೆ. ಯಾರು ಯಾವಾಗ ಬಂದು ಯಾವ ಎತ್ತರದಲ್ಲಿ ನೆಲೆ ನಿಂತರು ಎಂಬುದೇ ಆ ಉತ್ತರದ ತಿರುಳು ಎಂದು ನನಗೆ ಅನಿಸಿದೆ. ಹೀಗಾಗಿ ಅಲ್ಲಿಯ ಸಮುದಾಯಗಳನ್ನು ತಿಳಿಯಲು ಭೂಪಟದ ಮೇಲಿನ ಎತ್ತರದ ಗೆರೆಗಳನ್ನು ಓದಿದರೆ ಅರ್ಧ ಕೆಲಸ ಮುಗಿದಂತೆ.

ತಳದ ಬಯಲಿನವರು ಕರಗೂನಿಗಳು. ತಲೆತಲಾಂತರದಿಂದ ಗೋಧಿ ಬೆಳೆಯುತ್ತ, ಈಗ ಹತ್ತಿ, ಮೆಕ್ಕೆಜೋಳ, ಟೊಮ್ಯಾಟೊ ಬೆಳೆಯುತ್ತ ಹೊಲಕ್ಕೆ ಅಂಟಿಕೊಂಡು ಬಂದ ಒಕ್ಕಲುಮಕ್ಕಳು. ಬೆಟ್ಟದವರು ಒಂದು ಕಾಲಕ್ಕೆ ಈ ಹೆಸರನ್ನು ಹೀಯಾಳಿಸಲು ಬಳಸುತ್ತಿದ್ದರು. ಇಂದು ಕಸೂತಿ ತುಂಬಿದ ಕರಗೂನಾ ಉಡುಪು ಮತ್ತು ಅದೇ ಹೆಸರಿನ ಕುಣಿತ ಇಡೀ ಗ್ರೀಸ್‌ನ ಶಾಲಾ ಉತ್ಸವಗಳಲ್ಲಿ ಕಾಣಿಸಿಕೊಳ್ಳುತ್ತವೆ. ಮೇಲಿನ ಪಿಂಡಸ್‌ನವರು ವ್ಲಾಖರು. ಇವರ ಮನೆಮಾತು ಗ್ರೀಕ್ ಅಲ್ಲ, ಲ್ಯಾಟಿನ್ ಮೂಲದ ಅರೊಮೇನಿಯನ್. ರುಮೇನಿಯದ ಭಾಷೆಗೆ ಹತ್ತಿರದ ನಂಟು. ಆ ಭಾಷೆಗೆ ಶಾಲೆಯಲ್ಲಿ ಸ್ಥಾನವಿಲ್ಲದ ಕಾರಣ ಅಜ್ಜಿಯರ ನಾಲಗೆಯ ಮೇಲೆ ಅದು ಉಳಿದಿರುವಷ್ಟು ಮೊಮ್ಮಕ್ಕಳ ನಾಲಗೆಯ ಮೇಲೆ ಉಳಿದಿಲ್ಲ. ಬೆಳಗಾವಿ ಗಡಿಯ ಮನೆಗಳಲ್ಲಿ ಎರಡು ಮೂರು ಭಾಷೆಗಳ ನಡುವೆ ಬೆಳೆದ ತಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಸರಕತ್ಸಾನರು ಗ್ರೀಕ್ ಆಡುವ ಅಲೆಮಾರಿ ಕುರಿಗಾರರು. ಅವರ ಮಾತು ಮುಂದಿನ ಉತ್ತರದಲ್ಲಿದೆ.

ನಂತರ ಬಂದವರು ನಿರಾಶ್ರಿತರು. 1923ರ ಒಪ್ಪಂದದ ಮೇರೆಗೆ ಗ್ರೀಸ್ ಮತ್ತು ಟರ್ಕಿ ತಂತಮ್ಮ ಅಲ್ಪಸಂಖ್ಯಾತರನ್ನು ಕಡ್ಡಾಯವಾಗಿ ಅದಲುಬದಲು ಮಾಡಿಕೊಂಡವು. ಭಾಷೆಯನ್ನಲ್ಲ, ಮತವನ್ನು ನೋಡಿ ಜನರನ್ನು ವಿಂಗಡಿಸಿದರು. ಹೀಗಾಗಿ ಟರ್ಕಿ ಭಾಷೆಯೊಂದನ್ನೇ ಬಲ್ಲ ಕ್ರೈಸ್ತರು ಗ್ರೀಸ್‌ಗೂ, ಗ್ರೀಕ್ ಒಂದನ್ನೇ ಬಲ್ಲ ಮುಸ್ಲಿಮರು ಟರ್ಕಿಗೂ ಹೋಗಬೇಕಾಯಿತು. ಗ್ರೀಸ್‌ಗೆ ಬಂದವರು ಸುಮಾರು 12 ಲಕ್ಷ. ಅವರಲ್ಲಿ ಬಹುಪಾಲು ಜನರು ಉತ್ತರದ ಮ್ಯಾಸಿಡೋನಿಯಾ ಮತ್ತು ಥ್ರೇಸ್ ಸೀಮೆಗಳಲ್ಲಿ ನೆಲೆನಿಂತರು; ಥೆಸಲಿಗೆ ಬಂದವರು ಕಡಿಮೆ. ಥೆಸಲಿಯ ಮುಸ್ಲಿಮರಾದರೋ 1881ರಲ್ಲಿ ಈ ಪ್ರಾಂತ ಟರ್ಕರ ಉಸ್ಮಾನಿ (ಆಟೊಮನ್) ಸಾಮ್ರಾಜ್ಯದಿಂದ ಗ್ರೀಸ್‌ಗೆ ಸೇರಿದಂದಿನಿಂದಲೇ ಊರು ಬಿಡತೊಡಗಿದ್ದರು. ತ್ರಿಕಾಲದಲ್ಲಿ ಮಹಾಶಿಲ್ಪಿ ಸಿನಾನ್ ಕಟ್ಟಿದ 16ನೆಯ ಶತಮಾನದ ಮಸೀದಿಯೊಂದು ಇಂದಿಗೂ ನಿಂತಿದೆ, ನಮಾಜು ಮಾಡುವ ಜನರಿಲ್ಲ. ಗೋಳಗುಮ್ಮಟದ ನೆರಳಿನಲ್ಲಿ ಬದುಕು ನಡೆದೇ ಇರುವ ವಿಜಯಪುರದಿಂದ ನೋಡಿದಾಗ ಇದು ಬೇರೆಯದೇ ಚಿತ್ರ.

ಸೊಫಾದೆಸ್ ಪಟ್ಟಣದ ಸುತ್ತ ರೋಮಾ ಸಮುದಾಯದವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಇವರ ಮೂಲ ಭಾಷೆ ಉತ್ತರ ಭಾರತದ ಭಾಷೆಗಳ ಕುಲಕ್ಕೆ ಸೇರಿದ್ದು. ನೀರಿಗೆ ಅವರು ಅನ್ನುವುದು “ಪಾನಿ” ಎಂದೇ. ಊರಿನ ಅಂಚಿನಲ್ಲಿಯೇ ಇವರ ವಾಸ. ಜಾತಿಯಿಲ್ಲವೆಂದು ಮೇಲೆ ಬರೆದ ವಾಕ್ಯದ ಪಕ್ಕ ಇದನ್ನೂ ಇಟ್ಟು ಓದಿಕೊಳ್ಳಬೇಕು. 1990ರ ದಶಕದ ಬಳಿಕ ಹೊಲದ ದುಡಿಮೆಗೆ ಅಲ್ಬೇನಿಯದವರು ಬಂದರು. ಏಕೆಂದರೆ ಊರಿನ ಹುಡುಗರು ಅಷ್ಟರಲ್ಲಿ ಲಾರಿಸಾ, ಅಥೆನ್ಸ್ ಸೇರಿದ್ದರು; ಅದಕ್ಕೂ ಮೊದಲು, 1960ರಲ್ಲಿ ಪಶ್ಚಿಮ ಜರ್ಮನಿಯೊಡನೆ ಆದ ಕೂಲಿಕಾರರ ಒಪ್ಪಂದದ ಮೇಲೆ, ಅವರ ಅಪ್ಪಂದಿರು ಜರ್ಮನಿಯ ಕಾರ್ಖಾನೆಗಳಿಗೆ ಗುಳೆ ಹೋಗಿದ್ದರು.

ಇಂಡಿ ತಾಲ್ಲೂಕಿನ ಕುರಿಗಾರ ಮನೆತನದ ಓದುಗರಿಂದ: “ಅಲ್ಲಿಯ ಕುರಿಗಾರರೂ ನಮ್ಮಂತೆ ಕುರಿ ಹೊಡೆದುಕೊಂಡು ದೇಶಾಂತರ ಹೋಗುತ್ತಾರೆಯೇ?”

ಹೋಗುತ್ತಿದ್ದರು, ನಮ್ಮವರು ಮಳೆಯನ್ನು ನೋಡಿ ಹೊರಟರೆ ಅವರು ಹಿಮವನ್ನು ನೋಡಿ ಹೊರಡುತ್ತಿದ್ದರು. ಏಪ್ರಿಲ್ 23ರ ಸಂತ ಜಾರ್ಜ್ ಹಬ್ಬಕ್ಕೆ ಹಿಂಡು ಬೆಟ್ಟ ಹತ್ತಬೇಕು, ಅಕ್ಟೋಬರ್ 26ರ ಸಂತ ದಿಮಿತ್ರಿಯ ಹಬ್ಬಕ್ಕೆ ಬಯಲಿಗೆ ಇಳಿಯಬೇಕು. ಕುರಿಗಾರನ ಲೆಕ್ಕಪತ್ರ, ಆಳಿನ ಕರಾರು, ಮೇವಿನ ಗುತ್ತಿಗೆ ಎಲ್ಲವೂ ಈ ಎರಡು ದಿನಗಳ ನಡುವೆ ನಡೆಯುತ್ತಿದ್ದವು. ಸುಮಾರು 1,400 ಮೀಟರಿಗೂ ಎತ್ತರದಲ್ಲಿರುವ ಸಮರೀನಾ ಎಂಬ ವ್ಲಾಖ್ ಊರು ಬೇಸಿಗೆಯಲ್ಲಿ ಜಾತ್ರೆಯಂತೆ ತುಂಬಿ, ಚಳಿಗಾಲದಲ್ಲಿ ಬಹುತೇಕ ಬರಿದಾಗುತ್ತಿತ್ತು. ಅದರ ಜನರು ಚಳಿಗಾಲ ಕಳೆಯುತ್ತಿದ್ದದ್ದು ಪಿನಿಯೋಸ್‌ನ ಬಯಲಿನಲ್ಲಿ.

ವ್ಲಾಖರಿಗೆ ಬೆಟ್ಟದಲ್ಲಿ ಕಲ್ಲಿನ ಮನೆಗಳಿದ್ದವು. ಸರಕತ್ಸಾನರಿಗೆ ಅದೂ ಇರಲಿಲ್ಲ; ಟೊಂಗೆ ಮತ್ತು ಹುಲ್ಲಿನಿಂದ ಹೆಣೆದ ಶಂಕುವಿನಾಕಾರದ ಗುಡಿಸಲು ಕಟ್ಟಿಕೊಂಡು, ಹೋಗುವಾಗ ಅದನ್ನು ಬಿಟ್ಟು ಹೋಗುತ್ತಿದ್ದರು. ಇಬ್ಬರೂ ಕುರಿಗಾರರೇ ಆದರೂ ಪರಸ್ಪರ ಹೆಣ್ಣು ಕೊಡುವುದು ತರುವುದು ವಿರಳ, ಬಯಲಿನ ಕರಗೂನಿಗಳ ಜೊತೆ ಇನ್ನೂ ವಿರಳ. ನಮ್ಮ ರೈತರು ಕುರಿ ತರುಬಿಸಿಕೊಂಡು ಕಾಳು, ಊಟ ಕೊಟ್ಟು ಕಳಿಸುವ ಪದ್ಧತಿಯಲ್ಲಿರುವ ನಂಟು ಅಲ್ಲಿ ಅಷ್ಟಾಗಿ ಬೆಳೆಯಲಿಲ್ಲ. ಅಲ್ಲಿಯ ಕುರಿಗಾರ ಬೀಳುಬಿಟ್ಟ ಹೊಲವನ್ನು ಒಡೆಯನಿಂದ ಗುತ್ತಿಗೆ ಹಿಡಿಯುತ್ತಿದ್ದನು. ಮೇವಿನ ಹಣ ಒಡೆಯನ ಕೈಗೆ, ತುಳಿತ ಒಕ್ಕಲಿಗನ ಪೈರಿಗೆ. ದೊಡ್ಡ ಹಿಡುವಳಿಗಳು ಒಡೆದು ಹುಲ್ಲುಗಾವಲು ಹೊಲವಾದ ಮೇಲೆ ಕುರಿದಾರಿಗಳು ಮುಚ್ಚಿದವು, ಕಳೆದ ಶತಮಾನದ ನಡುವಿನ ವೇಳೆಗೆ ಸರಕತ್ಸಾನರೂ ಊರುಗಳಲ್ಲಿ ನಿಂತರು. ಈಗ ಉಳಿದ ಹಿಂಡುಗಳಲ್ಲಿ ಹೆಚ್ಚಿನವು ಲಾರಿ ಹತ್ತಿ ಬೆಟ್ಟಕ್ಕೆ ಹೋಗುತ್ತವೆ.

ಜಮಖಂಡಿಯ ನಿವೃತ್ತ ಶಿಕ್ಷಕರಿಂದ: “ಹೊಲದ ಒಡೆಯರು ಯಾರು? ಅಲ್ಲಿಯೂ ಉಳುವವನೇ ಒಡೆಯನಾದನೇ?”

ಆದನು, ನಮಗಿಂತ ಅರ್ಧ ಶತಮಾನ ಮೊದಲೇ. ಉಸ್ಮಾನಿ ಕಾಲದ ದೊಡ್ಡ ಹಿಡುವಳಿಗೆ ಅಲ್ಲಿ ಚಿಫ್ಲಿಕ್ ಎಂದು ಹೆಸರು. ಟರ್ಕಿ ಭಾಷೆಯಲ್ಲಿ “ಚಿಫ್ಟ್” ಎಂದರೆ ಜೋಡಿ, ಅಂದರೆ ಜೋಡೆತ್ತು. ಒಂದು ಜೋಡೆತ್ತು ಉಳಬಹುದಾದಷ್ಟು ಭೂಮಿ ಎಂಬುದು ಮೂಲ ಅರ್ಥ. ನಮ್ಮ ಹಿರಿಯರು ಹೊಲವನ್ನು ಕೂರಿಗೆಯ ಲೆಕ್ಕದಲ್ಲಿ ಹೇಳಿದ ಹಾಗೆಯೇ ಇದು. ಕಾಲ ಕಳೆದಂತೆ ಆ ಶಬ್ದ ಇಡೀ ಊರನ್ನೇ ನುಂಗಿದ ಜಮೀನ್ದಾರಿಗೆ ಅಂಟಿಕೊಂಡಿತು. 1881ರಲ್ಲಿ ಗ್ರೀಸ್ ಬಂದಾಗ ಒಕ್ಕಲುಗಳಿಗೆ ಬಿಡುಗಡೆ ದೊರೆಯಲಿಲ್ಲ. ಹೊರದೇಶಗಳಲ್ಲಿ ದುಡ್ಡು ಮಾಡಿದ ಗ್ರೀಕ್ ಸಾಹುಕಾರರು ಚಿಫ್ಲಿಕ್‌ಗಳನ್ನು ಕೊಂಡರು, ಹಳೆಯ ರೂಢಿಯಂತೆ ಒಕ್ಕಲುಗಳಿಗಿದ್ದ ಹಕ್ಕುಗಳು ಹೊಸ ಕಾನೂನಿನ ಕಾಗದದಲ್ಲಿ ಇರಲೇ ಇಲ್ಲ. ಪಾಲಿಗೆ ದುಡಿಯುವ ಈ ರೈತನಿಗೆ ಕೊಲ್ಲಿಗೋಸ್ ಎಂದು ಹೆಸರು. ಅವರ ಪರ ದನಿಯೆತ್ತಿದ ಮರಿನೋಸ್ ಅಂದಿಪಾಸ್ 1907ರಲ್ಲಿ ಕೊಲೆಯಾದನು. 1910ರ ಮಾರ್ಚ್ 6ರಂದು ಲಾರಿಸಾದ ರೈತ ಸಭೆಗೆ ಹೊರಟವರು ಕಿಲೆಲೆರ್ ನಿಲ್ದಾಣದಲ್ಲಿ ರೈಲು ಹತ್ತಲು ಬಂದಾಗ ಟಿಕೆಟ್ ಇಲ್ಲದೆ ಹತ್ತಗೊಡಲಿಲ್ಲ. ಜಗಳವಾಯಿತು, ಸೈನಿಕರು ಗುಂಡು ಹಾರಿಸಿದರು, ರೈತರು ಸತ್ತರು. ನರಗುಂದ, ನವಲಗುಂದಗಳ 1980ರ ನೆನಪು ಇರುವವರಿಗೆ ಕಿಲೆಲೆರ್ ಎಂಬ ಹೆಸರು ಅಲ್ಲಿ ಏನನ್ನು ಎಬ್ಬಿಸುತ್ತದೆಂದು ಹೇಳಬೇಕಾಗಿಲ್ಲ. 1917ರ ಕಾನೂನು ಚಿಫ್ಲಿಕ್‌ಗಳನ್ನು ಒಡೆಯುವ ದಾರಿ ತೆರೆಯಿತು. ನಿಜವಾದ ಹಂಚಿಕೆ ನಡೆದದ್ದು 1923ರ ನಿರಾಶ್ರಿತರು ಬಂದು ಸರಕಾರಕ್ಕೆ ಬೇರೆ ಗತಿಯಿಲ್ಲವಾದಾಗ. ಅಲ್ಲಿ ಭೂಮಿಯ ಅಳತೆ ಸ್ತ್ರೆಮ್ಮಾ: 1,000 ಚದರ ಮೀಟರ್, ನಮ್ಮ ಲೆಕ್ಕಕ್ಕೆ ಹತ್ತಿರಹತ್ತಿರ ಹತ್ತು ಗುಂಟೆ.

ಸವದತ್ತಿಯ ರೈತರೊಬ್ಬರಿಂದ: “ಬೇಸಿಗೆಯಲ್ಲಿ ಮಳೆಯಿಲ್ಲದಿದ್ದರೆ ಹತ್ತಿಗೆ ನೀರು ಎಲ್ಲಿಂದ?”

ಕೊಳವೆಬಾವಿಯಿಂದ, ಪಿನಿಯೋಸ್‌ನಿಂದ, ಇನ್ನಷ್ಟು ಬೇಕೆಂದು ಪಕ್ಕದ ಕಣಿವೆಯಿಂದ. ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿಯ ಹೋರಾಟವನ್ನು ಕಂಡ ತಮಗೆ ಅಖೆಲೋಸ್ ನದಿಯ ಕಥೆ ಚಿರಪರಿಚಿತವೆನಿಸೀತು. ಅದು ಪಿಂಡಸ್‌ನಲ್ಲಿ ಹುಟ್ಟಿ ಪಶ್ಚಿಮದ ಅಯೋನಿಯನ್ ಸಮುದ್ರಕ್ಕೆ ಹರಿಯುತ್ತದೆ. ಬೆಟ್ಟ ಕೊರೆದು ಅದರ ನೀರನ್ನು ಪೂರ್ವದ ಥೆಸಲಿಗೆ ತರಬೇಕೆಂಬುದು ಬಹುಕಾಲದ ಆಸೆ. 1959ರಲ್ಲಿ ಮುಗಿದ ಪ್ಲಾಸ್ತಿರಾಸ್ ಅಣೆಕಟ್ಟು ಅಖೆಲೋಸ್‌ನ ಉಪನದಿಯೊಂದನ್ನು ಕಾರ್ದಿತ್ಸಾ ಬಯಲಿಗೆ ಈಗಾಗಲೇ ತಿರುಗಿಸಿದೆ. ದೊಡ್ಡ ಯೋಜನೆಯನ್ನು ಮಾತ್ರ ಅಲ್ಲಿಯ ಉನ್ನತ ಆಡಳಿತ ನ್ಯಾಯಾಲಯ ಮತ್ತೆ ಮತ್ತೆ ತಡೆದು, 2014ರಲ್ಲಿ ಮತ್ತೊಮ್ಮೆ ರದ್ದು ಮಾಡಿತು. ಇದೇ ಯೋಜನೆಯ ಅಂಗವಾದ ಮೆಸೊಖೋರಾ ಅಣೆಕಟ್ಟು ಕಟ್ಟಿ ನಿಂತು ಇಪ್ಪತ್ತು ವರ್ಷ ದಾಟಿದರೂ ನೀರು ತುಂಬದೆ ಉಳಿಯಿತು, ಏಕೆಂದರೆ ತುಂಬಿದರೆ ಮೇಲಿನ ಊರಿನ ಮನೆಗಳು ಮುಳುಗುತ್ತವೆ.

ನೀರು ಕೂಡಿಡುವ ಇನ್ನೊಂದು ಜಾಗವನ್ನು ಅವರೇ ಕಳೆದುಕೊಂಡಿದ್ದರು. ಪೂರ್ವ ಬಯಲಿನ ಕಾರ್ಲಾ ಸರೋವರವನ್ನು 1962ರಲ್ಲಿ ಸುರಂಗ ತೋಡಿ ಸಮುದ್ರಕ್ಕೆ ಬಸಿದುಬಿಟ್ಟರು; ಜೊಂಡಿನ ಗುಡಿಸಲುಗಳಲ್ಲಿದ್ದು ಮೀನು ಹಿಡಿಯುತ್ತಿದ್ದವರು ರೈತರಾದರು, ಅಂತರ್ಜಲ ವರ್ಷ ವರ್ಷಕ್ಕೂ ಕೆಳಗಿಳಿಯಿತು. ಅದರ ಒಂದು ಭಾಗವನ್ನು ಈಚೆಗೆ ಮತ್ತೆ ತುಂಬಿಸಲಾಗಿತ್ತು. ಡೇನಿಯಲ್ ಬಂದಾಗ ನೀರು ಆ ಮಿತಿಯನ್ನು ಕೇಳದೆ ಹಳೆಯ ತಳದ ಬಹುಭಾಗಕ್ಕೆ ಹರಡಿ ಹೊಲ, ರಸ್ತೆ, ಪಂಪುಮನೆಗಳ ಮೇಲೆ ತಿಂಗಳುಗಟ್ಟಲೆ ನಿಂತಿತು.

ಬಾಗಲಕೋಟೆ ನವನಗರದ ಗೃಹಿಣಿಯೊಬ್ಬರಿಂದ: “ಊರನ್ನು ಎತ್ತಿ ಬೇರೆಡೆಗೆ ಇಡುವಾಗ ಅವರಿಗೆ ಬಿಡಲಾಗದ್ದು ಯಾವುದು? ನಮಗೆ ಕೊನೆಯವರೆಗೂ ಗುಡಿಯ ಚಿಂತೆಯಿತ್ತು.”

ಅಲ್ಲಿಯ ಊರಿಗೆ ನಡುಮನೆಯೆಂದರೆ ಪ್ಲಾತಿಯಾ ಎಂಬ ಚೌಕ. ಸುತ್ತ ಕಾಫಿ ಅಂಗಡಿಗಳು, ಸಮೀಪದಲ್ಲಿ ಚರ್ಚು. ನಮ್ಮ ಅಗಸೆಕಟ್ಟೆಯ ಆಲದ ಸ್ಥಾನದಲ್ಲಿ ಅನೇಕ ಊರುಗಳಲ್ಲಿ ಕಾಶ್ಮೀರದಲ್ಲಿ ಚಿನಾರ್ ಎನ್ನುವ ದೊಡ್ಡ ಪ್ಲೇನ್ ಮರ. ಅದರ ಬುಡದಲ್ಲಿ ಗಂಡಸರು ಒಂದು ಲೋಟ ಕಾಫಿಗೆ ಅರ್ಧ ದಿನ ಕೂರುವುದು ನಮ್ಮ ಹೋಟೆಲಿನ ಮಾಲೀಕರಿಗೆ ಒಪ್ಪಿಗೆಯಾಗಲಾರದು. ಊರ ಹೊರಗೆ ಸ್ಮಶಾನ. ಸತ್ತವರ ನಲವತ್ತನೆಯ ದಿನಕ್ಕೆ ಗೋಧಿಯನ್ನು ಬೇಯಿಸಿ, ಸಕ್ಕರೆ, ದಾಳಿಂಬೆ ಕಾಳು, ಬಾದಾಮಿ ಬೆರೆಸಿ ಚರ್ಚಿನಲ್ಲಿ ಹಂಚುತ್ತಾರೆ; ಅದಕ್ಕೆ ಕೊಲ್ಲಿವಾ ಎಂದು ಹೆಸರು. ಹಬ್ಬಕ್ಕೆ ಗೋಧಿ ಹುಗ್ಗಿ ಮಾಡುವ ನಮ್ಮ ಮನೆಗಳಲ್ಲಿ ಅದನ್ನು ಕಂಡರೆ ಗುರುತು ಹತ್ತೀತು, ಸಂದರ್ಭ ಬೇರೆ. ಮೆಟಮಾರ್ಫೋಸಿ ಎಂಬ ಹೆಸರೇ ಒಂದು ಹಬ್ಬದ್ದು: ಏಸುವಿನ ರೂಪಾಂತರದ ದಿನ, ಆಗಸ್ಟ್ 6.

ಗುಡಿಯನ್ನೂ ಗೋರಿಗಳನ್ನೂ ಎತ್ತಿ ಒಯ್ಯಲಾಗದಿದ್ದವರು ಹೆಸರನ್ನು ಒಯ್ದಿದ್ದಾರೆ. ಇಂದಿನ ಬಲ್ಗೇರಿಯಾಕ್ಕೆ ಸೇರಿದ ಅಂಖಿಯಾಲೋಸ್ ಎಂಬ ಪಟ್ಟಣದಿಂದ 1906ರಲ್ಲಿ ಓಡಿಬಂದ ಗ್ರೀಕರು ಥೆಸಲಿಯ ವೋಲೋಸ್ ಬಳಿ ಕಟ್ಟಿಕೊಂಡ ಊರಿಗೆ ನೆಯಾ ಅಂಖಿಯಾಲೋಸ್ ಎಂದು ಹೆಸರಿಟ್ಟರು. 1923ರ ನಿರಾಶ್ರಿತರ ಊರುಗಳಲ್ಲಿಯೂ ಇಂಥ ಹೆಸರು ಎಷ್ಟೋ ಇವೆ. “ನೆಯಾ” ಎಂದರೆ ಹೊಸದು. ತಾವು ಈಗ ವಾಸವಿರುವ ಊರಿನ ಮೊದಲೆರಡು ಅಕ್ಷರಗಳಿಗೂ ಅದೇ ಅರ್ಥ. ಒಂದೇ ವ್ಯತ್ಯಾಸವೆಂದರೆ ಅವರು “ಹೊಸ” ಎಂಬುದರ ಮುಂದೆ ಹಳೆಯ ಊರಿನ ಹೆಸರನ್ನು ಉಳಿಸಿಕೊಂಡರು, ತಮಗೆ ಬರಿಯ “ನಗರ” ಸಿಕ್ಕಿತು. ಬೀಳಗಿ ತಾಲ್ಲೂಕಿನ ಮೊದಲ ಪತ್ರದವರು ತಮ್ಮ ವಿಳಾಸದಲ್ಲಿ ಮುಳುಗಿದ ಊರಿನ ಹೆಸರನ್ನೇ ಬರೆದು, ಮುಂದೆ ಸಣ್ಣ ಅಕ್ಷರಗಳಲ್ಲಿ “ಪುನರ್ವಸತಿ ಕೇಂದ್ರ” ಎಂದು ಸೇರಿಸಿದ್ದಾರೆ.